ಪೇಸ್‌ಮೇಕರ್‌ಗೆ ಬಿಸಿಲಿನ ಕರೆಂಟು

ಕೇಳುಗರಿಗೆ ನಮಸ್ಕಾರ. ನಿಮ್ಮ ಮನೆಯಲ್ಲೋ ನೆಂಟರಲ್ಲೋ ಎದೆಗೆ ಪೇಸ್‌ಮೇಕರ್, ಅಂದರೆ ಹೃದಯದ ಬಡಿತ ತಪ್ಪದಂತೆ ನೋಡಿಕೊಳ್ಳುವ ಪುಟ್ಟ ಯಂತ್ರ, ಹಾಕಿಸಿಕೊಂಡವರು ಇರಬಹುದು. ಎಂಟು-ಹತ್ತು ವರ್ಷವಾದ ಮೇಲೆ ಡಾಕ್ಟರು ಮತ್ತೆ ಕರೆಯುತ್ತಾರೆ. ಹೃದಯ ಕೆಟ್ಟಿತು ಅಂತಲ್ಲ, ಬ್ಯಾಟರಿ ಮುಗಿಯುತ್ತಾ ಬಂತು ಅಂತ. ಬ್ಯಾಟರಿ ಒಂದನ್ನೇ ತೆಗೆಯಲು ಬರುವುದಿಲ್ಲ. ಚರ್ಮ ಕೊಯ್ದು ಇಡೀ ಡಬ್ಬಿ ಬದಲಿಸಬೇಕು. ಕೊಯ್ದಾಗಲೆಲ್ಲ ಸೋಂಕಿನ ಭಯ. ನನ್ನ ತಕರಾರು ಇಷ್ಟೇ: ಬ್ಯಾಟರಿಗಾಗಿ ಮನುಷ್ಯನನ್ನು ಕೊಯ್ಯಬಾರದು.

ಆರ್ನೆ ಲಾರ್ಸನ್ ಕತೆ ಹೇಳಲೇಬೇಕು. ಸ್ವೀಡನ್ನಿನವರು. ವಯಸ್ಸು 43, ದಿನಕ್ಕೆ ಹಲವು ಸಲ ಹೃದಯ ನಿಂತು ಪ್ರಜ್ಞೆ ತಪ್ಪುತ್ತಿತ್ತು. ಮೈಯೊಳಗೆ ಇಡುವಂಥ ಯಂತ್ರ ಆಗ ಇರಲೇ ಇಲ್ಲ. ಹೆಂಡತಿ ಎಲ್ಸೆ-ಮರೀ ಬಿಡಲಿಲ್ಲ. ಎಂಜಿನಿಯರ್ ರೂನೆ ಎಲ್ಮ್‌ಕ್ವಿಸ್ಟ್, ಸರ್ಜನ್ ಓಕೆ ಸೆನ್ನಿಂಗ್ ಇಬ್ಬರ ಬೆನ್ನು ಹತ್ತಿದರು. ಇಲ್ಲದಿದ್ದರೆ ಮಾಡಿ ಅಂದರು! ಎಲ್ಮ್‌ಕ್ವಿಸ್ಟ್ ಬೂಟ್ ಪಾಲಿಶ್ ಡಬ್ಬಿಯನ್ನೇ ಅಚ್ಚು ಮಾಡಿಕೊಂಡು ರಾಳ ಸುರಿದು ಯಂತ್ರ ಕೂರಿಸಿದರು. 1958ರ ಅಕ್ಟೋಬರ್ 8ರಂದು ಅದು ಲಾರ್ಸನ್ ಮೈಯೊಳಗೆ ಹೋಯಿತು. ಕೆಲವೇ ಗಂಟೆಗಳಲ್ಲಿ ಕೆಟ್ಟಿತು. ಕೈಯಲ್ಲಿದ್ದ ಇನ್ನೊಂದನ್ನು ಹಾಕಿದರು. ಹೀಗೆ ಬದಲಿಸುತ್ತಾ ಬದಲಿಸುತ್ತಾ ಜೀವಮಾನದಲ್ಲಿ ಒಟ್ಟು 26 ಪೇಸ್‌ಮೇಕರ್! ತಮ್ಮ ಎಂಜಿನಿಯರ್‌ಗಿಂತ, ಸರ್ಜನ್‌ಗಿಂತ ಹೆಚ್ಚು ಕಾಲ ಬದುಕಿ, 86ನೇ ವಯಸ್ಸಿನಲ್ಲಿ 2001ರಲ್ಲಿ ತೀರಿಕೊಂಡರು. ಗಮನಿಸಿ, ಆ ಮೊದಲ ಯಂತ್ರದ ಬ್ಯಾಟರಿಯನ್ನು ಚರ್ಮದ ಹೊರಗಿನಿಂದಲೇ ಚಾರ್ಜ್ ಮಾಡಬಹುದಿತ್ತು. ಆಗಲೇ ಹೊಳೆದಿದ್ದ ಉಪಾಯ ಅದು. ಆಮೇಲೆ ಲಿಥಿಯಂ ಬ್ಯಾಟರಿ ಬಂತು, ವರ್ಷಗಟ್ಟಲೆ ಬಾಳಿತು, ಎಲ್ಲರೂ ಸುಮ್ಮನಾದರು.

ಹೊರಗಿನಿಂದ ಕರೆಂಟು ಕೊಡುವ ಅದೇ ಉಪಾಯವನ್ನು ಈಗ ಬೆಳಕಿನಿಂದ ಮಾಡುವ ವಿಷಯ. ಮೈಯೊಳಗೆ ಕತ್ತಲು, ಅಲ್ಲಿ ಸೋಲಾರ್ ಏನು ಮಾಡೀತು ಎಂದು ನಗುವವರು ಜಾಸ್ತಿ. ಅವರು ರಾತ್ರಿ ಅಂಗೈ ಹಿಂದೆ ಟಾರ್ಚ್ ಹಿಡಿದು ನೋಡಲಿ. ಬೆರಳು ಕೆಂಪಗೆ ಹೊಳೆಯುತ್ತದೆ, ಅಲ್ವಾ? ಹಸಿರು, ನೀಲಿ ಬೆಳಕನ್ನು ರಕ್ತ ನುಂಗುತ್ತದೆ. ಕೆಂಪು, ಅದರಾಚೆಯ ಕಣ್ಣಿಗೆ ಕಾಣದ ಅವಕೆಂಪು ದಾಟಿ ಹೋಗುತ್ತವೆ. ಚರ್ಮದ ಕೆಳಗೆ ಸೋಲಾರ್ ಸೆಲ್ ಇಟ್ಟರೆ ಅದೇ ಕರೆಂಟು.

ಸ್ವಿಟ್ಜರ್ಲೆಂಡಿನ ಬರ್ನ್ ಸಂಶೋಧಕರು ಚರ್ಮದಂತೆಯೇ ಬೆಳಕು ತಡೆಯುವ ಫಿಲ್ಟರ್ ಕೆಳಗೆ 3.6 ಚದರ ಸೆಂಟಿಮೀಟರಿನ ಸೆಲ್ ಇಟ್ಟು, 32 ಜನರ ತೋಳಿಗೆ ಕಟ್ಟಿ ಕಳಿಸಿದರು. ಪೇಸ್‌ಮೇಕರ್‌ಗೆ ಬೇಕಾದದ್ದು 5ರಿಂದ 10 ಮೈಕ್ರೋವಾಟ್ (ವಾಟಿನ ಹತ್ತು ಲಕ್ಷದಲ್ಲೊಂದು ಪಾಲು ಒಂದು ಮೈಕ್ರೋವಾಟ್). ಬೇಸಿಗೆಯಲ್ಲಿ ಸರಾಸರಿ 67 ಸಿಕ್ಕಿತು. ಅಲ್ಲಿನ ಚಳಿಗಾಲದಲ್ಲೂ 19! ನಮ್ಮ ರಾಯಚೂರಿನ ಬಿಸಿಲು ಕೇಳಬೇಕೇ?

ಬೆಳಕಿನಿಂದಲೇ ನಡೆಯುವ ಇನ್ನೊಂದು ಯಂತ್ರ ಕಣ್ಣಿನದು, ಚುಟುಕಾಗಿ ಹೇಳಿಬಿಡುತ್ತೇನೆ. ಪ್ರೀಮಾ ಎಂಬ 2 ಮಿಲಿಮೀಟರಿನ ಎಲೆಕ್ಟ್ರಾನಿಕ್ ಚಿಪ್ ಒಂದನ್ನು ಅಕ್ಷಿಪಟಲದ, ಅಂದರೆ ಕಣ್ಣಿನ ಹಿಂಭಾಗದಲ್ಲಿ ಬೆಳಕು ಗ್ರಹಿಸುವ ಪದರದ, ಕೆಳಗೆ ಇಡುತ್ತಾರೆ. ಕ್ಯಾಮೆರಾ ಇರುವ ಕನ್ನಡಕ ಅದಕ್ಕೆ ಅವಕೆಂಪು ಬೆಳಕಿನಲ್ಲಿ ಚಿತ್ರ ಕಳಿಸುತ್ತದೆ. ಚಿತ್ರವೂ ಅದೇ, ಕರೆಂಟೂ ಅದೇ. ಕಣ್ಣೊಳಗೆ ವೈರಿಲ್ಲ, ಬ್ಯಾಟರಿಯಂತೂ ಇಲ್ಲವೇ ಇಲ್ಲ. ವಯಸ್ಸಾಗಿ ನಡುದೃಷ್ಟಿ ಹೋದವರು ಇದರಿಂದ ಮತ್ತೆ ಅಕ್ಷರ ಓದಿದ್ದಾರೆ. ನಮಸ್ಕಾರ.