ಗಾಳದ ಕೆರೆಗೆ ಹೊಳೆಯ ಮೀನು ಬೇಕೇ?

ಕೇಳುಗರಿಗೆ ನಮಸ್ಕಾರ.

ಮುಂಗಾರು ಹಿಡಿದು ಕೆರೆಗೆ ನೀರು ಬಂತು ಅಂದರೆ ಮೀನುಮರಿ ಬಿಡುವ ಮಾತು ಶುರುವಾಗುತ್ತದೆ. ಮಾರಾಟಕ್ಕೆ ಸಾಕುವವರದು ಒಂದು ಲೆಕ್ಕ. ಗಾಳ ಹಾಕುವ ಹವ್ಯಾಸಿಗಳಿಗೆಂದೇ ಕೆರೆ, ಹೊಂಡ ನಡೆಸುವವರದು ಇನ್ನೊಂದು ಲೆಕ್ಕ. ಅಲ್ಲಿ ಹಿಡಿದ ಮೀನನ್ನು ತೂಗಿ, ಫೋಟೋ ತೆಗೆದು, ಮತ್ತೆ ನೀರಿಗೇ ಬಿಡುತ್ತಾರೆ. ಅವರಿಗೆ ಜೋರಾಗಿ ಜಗ್ಗಾಡುವ ಮೀನು ಬೇಕು. ಹಾಗಾಗಿ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: ಕಟ್ಲಾ, ರೋಹು ಇದ್ದೇ ಇವೆ, ನಮ್ಮ ಕೆರೆಗೂ ಮಹಶೀರ್ ಬಿಟ್ಟರೆ ಹೇಗೆ?

ಈ ಆಸೆ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಕಾವೇರಿ ದಡದ ಜನ ಬಿಳಿಮೀನು ಅಂತ ಕರೆಯುವ, ಹರಿಯುವ ಹೊಳೆಯ ದೊಡ್ಡ ಮೀನಿದು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು ಕಬಿನಿಯಲ್ಲಿ ಗಾಳಕ್ಕೆ ಹಿಡಿದ ಮಹಶೀರ್ 120 ಪೌಂಡ್ ತೂಗಿತ್ತು. ಅಂದರೆ ಸುಮಾರು 54 ಕಿಲೋ! ಅಂಥ ಮೀನು ನಮ್ಮೂರಲ್ಲೂ ಇರಲಿ ಅನ್ನಿಸುವುದು ಸಹಜ ಅಲ್ವಾ? ಆದರೂ ನನ್ನ ಉತ್ತರ, ಬೇಡ.

ಮೊದಲು ನೀರಿನ ವಿಷಯ. ಮೀನು ಉಸಿರಾಡುವುದು ನೀರಲ್ಲಿ ಕರಗಿದ ಆಮ್ಲಜನಕದಿಂದ. ನೀರು ಬಿಸಿಯಾದಷ್ಟೂ ಅದು ಕಡಿಮೆ ಕರಗುತ್ತದೆ. 20 ಡಿಗ್ರಿಯಲ್ಲಿ ಒಂದು ಲೀಟರಿಗೆ ಸುಮಾರು 9 ಮಿಲಿಗ್ರಾಂ, 30 ಡಿಗ್ರಿಯಲ್ಲಿ ಸುಮಾರು ಏಳೂವರೆ. ಹೊಳೆಯ ನೀರು ಬಂಡೆಗೆ ಬಡಿದು, ಧುಮುಕಿ, ಗಾಳಿ ಬೆರೆಸಿಕೊಳ್ಳುತ್ತಲೇ ಇರುತ್ತದೆ. ಕೆರೆಯಲ್ಲಿ ಹಾಗಿಲ್ಲ. ಹಗಲು ಪಾಚಿ ಆಮ್ಲಜನಕ ಕೊಡುತ್ತದೆ, ರಾತ್ರಿ ಅದೇ ಪಾಚಿ ತಾನೂ ಬಳಸುತ್ತದೆ. ಬೆಳಗಿನ ಜಾವಕ್ಕೆ ತೀರಾ ಕಡಿಮೆಯಾಗಿರುತ್ತದೆ. ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡುವುದು ಆ ಹೊತ್ತಿನಲ್ಲೇ. ಕೊಳಚೆಯೂ ಸೇರಿದರೆ ಕೇಳುವುದೇ ಬೇಡ. 2016ರ ಮಾರ್ಚ್‌ನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ತೇಲಿದ್ದು ನಿಮಗೆ ನೆನಪಿರಬಹುದು.

ಇಂಥ ನೀರಲ್ಲಿ ಮಹಶೀರ್ ಗಾಳಕ್ಕೆ ಸಿಕ್ಕಿ, ಜಗ್ಗಾಡಿ ದಣಿದಿದೆ ಅಂತಿಟ್ಟುಕೊಳ್ಳಿ. ಹೊಳೆಯಲ್ಲಾದರೆ ಅದನ್ನು ಹರಿವಿಗೆ ಮುಖ ಮಾಡಿ ಹಿಡಿದರೆ ಕಿವಿರಿನೊಳಗೆ ನೀರು ತಾನಾಗಿ ಹಾಯುತ್ತದೆ. ಮೀನು ನಿಧಾನವಾಗಿ ಚೇತರಿಸಿಕೊಳ್ಳುತ್ತದೆ. ಏಪ್ರಿಲ್ ತಿಂಗಳ ಬೆಚ್ಚಗಿನ ಕೆರೆಯಲ್ಲಿ ಆ ಹರಿವನ್ನು ಎಲ್ಲಿಂದ ತರುವುದು? ಕೈಬಿಟ್ಟ ಕೂಡಲೇ ಈಜಿಕೊಂಡು ಹೋಯಿತು ಅಂತ ನಾವು ಖುಷಿಪಡುತ್ತೇವೆ. ಆಮೇಲೆ ಅದು ತಳದಲ್ಲಿ ಸತ್ತರೆ ನಮಗೆ ಗೊತ್ತಾಗುವುದೂ ಇಲ್ಲ. ಇಂಗ್ಲೆಂಡಿನಲ್ಲಿ ಬಾರ್ಬೆಲ್ ಎಂಬ ಹೊಳೆ ಮೀನನ್ನು ಗಾಳದ ಕೆರೆಗಳಿಗೆ ಬಿಡುವ ಬಗ್ಗೆ ಹವ್ಯಾಸಿಗಳ ನಡುವೆ ಇದೇ ಚರ್ಚೆ ಇದೆ. ಅಲ್ಲಿ ಮಾರ್ಚ್ 15ರಿಂದ ಜೂನ್ 15ರವರೆಗೆ ನದಿಗಳಲ್ಲಿ ಈ ಮೀನುಗಳಿಗೆ ಗಾಳ ಹಾಕುವಂತಿಲ್ಲ. ಹೆಚ್ಚಿನ ಕೆರೆಗಳಿಗೆ ಆ ನಿಯಮ ಇಲ್ಲ. ಹಾಗಾಗಿ ಕೆರೆಯಲ್ಲೇ ಬಾರ್ಬೆಲ್ ಸಿಗಲಿ ಅನ್ನುವ ಆಸೆ ಅವರದು.

ಇಲ್ಲಿ ನೀವು ಕೇಳಬಹುದು: ಕಟ್ಲಾ, ರೋಹು, ಮೃಗಾಲ್ ಕೂಡ ಹೊಳೆಯ ಮೀನುಗಳೇ ತಾನೇ? ನಿಜ, ಗಂಗಾ ಸೀಮೆಯವು. ನಿಂತ ನೀರಲ್ಲಿ ಅವೂ ಮೊಟ್ಟೆ ಇಡುವುದಿಲ್ಲ. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಮೀನು ವಿಜ್ಞಾನಿ ಹೀರಾಲಾಲ್ ಚೌಧುರಿ ಮತ್ತು ಸಂಗಡಿಗರು ಮೀನಿನ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಸಾರವನ್ನು ಇಂಥ ಮೀನುಗಳಿಗೆ ಚುಚ್ಚಿ ಮರಿ ಮಾಡಿಸಿದರು. ನಮ್ಮ ಕೆರೆಗಳಿಗೆ ವರ್ಷ ವರ್ಷ ಮರಿ ಬರುತ್ತಿರುವುದು ಆ ದಾರಿಯಿಂದಲೇ. ಆದರೆ ಈ ಮೀನುಗಳು ಕೆರೆಯ ನೀರಿಗೆ ಹೊಂದಿಕೊಳ್ಳುತ್ತವೆ, ಬೇಗ ಬೆಳೆಯುತ್ತವೆ, ಲಕ್ಷಗಟ್ಟಲೆ ಮೊಟ್ಟೆ ಇಡುತ್ತವೆ. ಮಹಶೀರ್ ಬೆಳೆಯುವುದು ನಿಧಾನ. ತೂಕಕ್ಕೆ ಹೋಲಿಸಿದರೆ ಅದರ ಮೊಟ್ಟೆ ತುಂಬಾ ಕಡಿಮೆ. ದೊಡ್ಡ ಜಲಾಶಯದಲ್ಲಿ ಅದು ಬದುಕೀತು, ಮಳೆಗಾಲದಲ್ಲಿ ಮೇಲಿನ ಹೊಳೆಗೆ ಹತ್ತಿ ಕಲ್ಲುಹರಳಿನ ತಳದಲ್ಲಿ ಮೊಟ್ಟೆ ಇಟ್ಟೀತು. ಗಾಳದ ಹೊಂಡದಿಂದ ಎಲ್ಲಿಗೆ ಹತ್ತುತ್ತದೆ? ಅಲ್ಲಿ ಅದರ ಸಂತಾನ ಅಲ್ಲಿಗೇ ಮುಗಿಯಿತು.

ನನಗೆ ಜಾಸ್ತಿ ಭಯ ಇರುವುದು ಕೋಡಿಯ ಬಗ್ಗೆ. ನಮ್ಮ ಕೆರೆಗಳು ಒಂದಕ್ಕೊಂದು ಜೋಡಿಸಿಕೊಂಡಿವೆ. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಕೆಳಗಿನ ಕೆರೆಗೆ, ಅಲ್ಲಿಂದ ಹಳ್ಳಕ್ಕೆ, ಹೊಳೆಗೆ. ಮೀನೂ ಜೊತೆಗೇ ಹೋಗುತ್ತದೆ. ಬೇರೆ ನದಿಯ ಜಾತಿಯ ಮಹಶೀರ್ ನಮ್ಮ ಹೊಳೆ ಸೇರಿದರೆ ಏನಾಗಬಹುದು ಅನ್ನುವುದಕ್ಕೆ ಕಾವೇರಿಯೇ ಸಾಕ್ಷಿ. ಅಲ್ಲಿಯ ಮೂಲನಿವಾಸಿ ಕಿತ್ತಳೆ ರೆಕ್ಕೆಯ, ಬೆನ್ನು ಉಬ್ಬಿದ ಮಹಶೀರ್. ಮಹಶೀರ್ ಹೆಚ್ಚಲಿ ಎಂಬ ಒಳ್ಳೆಯ ಮನಸ್ಸಿನಿಂದಲೇ 1970ರ ದಶಕದಿಂದ ಕಾವೇರಿಗೆ ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನು ಬಿಟ್ಟರು. ಅದು ಕೃಷ್ಣಾ ಸೀಮೆಯ ಮೀನು. ಲೋಣಾವಳದ ಟಾಟಾ ಮರಿಕೇಂದ್ರದಲ್ಲಿ ಅದನ್ನು ಬೆಳೆಸುತ್ತಿದ್ದರು. 1998ರಿಂದ 2012ರವರೆಗೆ ಕಾವೇರಿಯ ಗಾಳದ ಶಿಬಿರದಲ್ಲಿ ಬರೆದಿಟ್ಟ ದಾಖಲೆ ನೋಡಿದರೆ ನೀಲಿ ರೆಕ್ಕೆಯದು ಏರುತ್ತಾ ಹೋಯಿತು, ನಮ್ಮದು ಕುಸಿಯಿತು. ಮರಳು ತೆಗೆದದ್ದು, ಸಿಡಿಮದ್ದು ಹಾಕಿದ್ದು, ಅಣೆಕಟ್ಟು, ಇವೂ ಹೊಡೆತ ಕೊಟ್ಟಿವೆ. ಆದರೆ ಅದೇ ನೀರಲ್ಲಿ ಹೊರಗಿನದು ಮಾತ್ರ ಹೆಚ್ಚಿದೆ. ಬೆನ್ನು ಉಬ್ಬಿದ ಮಹಶೀರ್‌ಗೆ ಸರಿಯಾದ ವೈಜ್ಞಾನಿಕ ಹೆಸರು ಖಚಿತವಾದದ್ದೇ 2018ರಲ್ಲಿ. ಅದೇ ವರ್ಷ ಅದು ಅಳಿವಿನ ಅಂಚಿನ ಮೀನುಗಳ ಪಟ್ಟಿಗೂ ಸೇರಿತು. ನನಗೆ ಇದು ಬಹಳ ಸಂಕಟದ ವಿಷಯ.

ಹಾಗಾದರೆ ಗಾಳದ ಕೆರೆಗೆ ಏನು ಬಿಡಬೇಕು? ಕೊರವ ಬಿಡಿ. ನಮ್ಮದೇ ಮೀನು. ಮೇಲೆ ಬಂದು ಗಾಳಿ ಕುಡಿಯುವುದರಿಂದ ಕೆಟ್ಟ ನೀರಲ್ಲೂ ತಾಳಿಕೊಳ್ಳುತ್ತದೆ. ಕೆರೆಯ ಅಂಚಿನ ಜೊಂಡಿನಲ್ಲೇ ಮೊಟ್ಟೆ ಇಟ್ಟು, ಮರಿಗಳನ್ನು ತಂದೆತಾಯಿ ಕಾಯುತ್ತವೆ. ಕಪ್ಪೆಯಾಕಾರದ ಗಾಳಕ್ಕೆ ಅದು ನುಗ್ಗುವ ರಭಸ ನೋಡಿದವರು ಮಹಶೀರ್ ಬೇಕೇ ಬೇಕು ಅಂತ ಹಟ ಹಿಡಿಯುವುದಿಲ್ಲ. ಅದರ ಆಹಾರಕ್ಕೆ ಚಿಕ್ಕ ಪಕ್ಕೆ ಮೀನುಗಳಿರಲಿ. ದೊಡ್ಡ ತೂಕ ಬೇಕೆನ್ನುವವರಿಗೆ ಕಟ್ಲಾ ಇದೆ.

ಮಹಶೀರ್ ನೋಡಬೇಕೆನ್ನುವವರು ಶೃಂಗೇರಿಗೆ ಹೋಗಿ, ರಾಮನಾಥಪುರಕ್ಕೆ ಹೋಗಿ, ತೀರ್ಥಹಳ್ಳಿ ಹತ್ತಿರದ ಚಿಪ್ಪಲಗುಡ್ಡೆಗೆ ಹೋಗಿ. ಹರಿಯುವ ನೀರಲ್ಲಿ, ಜನರ ಕಾವಲಿನಲ್ಲಿ ಅವು ಹೇಗಿವೆ ನೋಡಿ ಬನ್ನಿ.

ಇಷ್ಟಾದ ಮೇಲೂ ನಿಮ್ಮೂರಿಗೆ ಯಾರಾದರೂ ಮಹಶೀರ್ ಮರಿ ತಂದರೆ, ಚೀಲ ಬಿಚ್ಚುವ ಮೊದಲು ಒಂದೇ ಒಂದು ಪ್ರಶ್ನೆ ಕೇಳಿ: ಇದರ ತಾಯಿ ಮೀನು ಯಾವ ನದಿಯದು? ನಿಮ್ಮ ಕೆರೆಯ ಕೋಡಿ ಸೇರುವ ನದಿಯ ಹೆಸರು ಹೇಳಲಿಲ್ಲ ಅಂದರೆ ವಾಪಸ್ ಕಳಿಸಿ. ಅದೇ ಹೆಸರು ಹೇಳಿದರೆ, ಮರಿಗಳನ್ನು ಮೀನುಗಾರಿಕೆ ಇಲಾಖೆಯ ಮೂಲಕ ಆ ನದಿಗೇ ತಲುಪಿಸಿ.

ನಮಸ್ಕಾರ.