ಎತ್ತಿನ ಉಸಿರಿಗೆ ಕಡಿದ ದಾರಿ: ಸೈಕಲ್ಲಿನಲ್ಲಿ ಅಂಬೋಲಿ ಘಾಟ್, ಒಬ್ಬರೇ, ಒಂದೇ ದಿನ

[ದೃಶ್ಯ: ಅಂಗೈಯಲ್ಲಿ ಸೈಕಲ್ಲಿನ ಬ್ರೇಕ್ ರಬ್ಬರ್, ತೀರ ಹತ್ತಿರದಿಂದ]

ಈ ಕಪ್ಪು ತುಂಡನ್ನು ನೋಡಿ. ಬೆರಳಿನ ಎರಡು ಗೆಣ್ಣಿನಷ್ಟು ಉದ್ದವಿದೆ. ಇದರ ಮೈಮೇಲೆ ಅಡ್ಡಡ್ಡ ಗೀರುಗಳಿರಬೇಕಿತ್ತು, ಒಂದೂ ಉಳಿದಿಲ್ಲ. ರಬ್ಬರಿನೊಳಗೆ ಸೂಜಿಮೊನೆಯಷ್ಟು ಮಿನುಗುತ್ತಿರುವುದು ರಿಮ್ಮಿನಿಂದ ಕಿತ್ತು ಬಂದ ಅಲ್ಯೂಮಿನಿಯಂ ಚೂರು. ಅಂಬೋಲಿ ಘಾಟ್ ಇಳಿಯುತ್ತಿದ್ದಾಗ, ಎದುರಿನ ತಿರುವು ಕಾಣದಷ್ಟು ಮಂಜಿನಲ್ಲಿ, ರಸ್ತೆ ಬದಿಗೆ ಸೈಕಲ್ ಮಲಗಿಸಿ ಇದನ್ನು ಬಿಚ್ಚಿ ಹೊಸದನ್ನು ಹಾಕಿದೆ. ಹೊರಡುವ ಮುನ್ನ ನೋಡಿಕೊಳ್ಳಬೇಕಿತ್ತು. ನೋಡಿಕೊಳ್ಳಲಿಲ್ಲ. ಜೇಬಿನಲ್ಲಿ ಇನ್ನೊಂದು ಜೋಡಿ ಇದ್ದುದರಿಂದ ಈ ವಿಡಿಯೋ ಮಾಡುತ್ತಿದ್ದೇನೆ.

ನಮಸ್ಕಾರ. ನನ್ನ ಊರು ಗಡಹಿಂಗ್ಲಜ. ಕೊಲ್ಹಾಪುರ ಜಿಲ್ಲೆ, ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ. ಸಂಕೇಶ್ವರದಿಂದ ಬರುವ ಹೆದ್ದಾರಿ ನಮ್ಮೂರು, ಆಜರಾ, ಅಂಬೋಲಿ ದಾಟಿ ಕೊಂಕಣಕ್ಕೆ ಇಳಿಯುತ್ತದೆ. ಅಂಬೋಲಿಯವರೆಗೆ ಹೆಚ್ಚುಕಡಿಮೆ 55 ಕಿಲೋಮೀಟರ್. ಅಲ್ಲಿಂದ ಘಾಟ್ ಇಳಿದು, ಅದೇ ಘಾಟ್ ಹತ್ತಿ, ಮನೆಗೆ ಮರಳುವುದು. ಬೆಳಗಿನ ಐದಕ್ಕೆ ಹೊರಟರೆ ದೀಪ ಹಚ್ಚುವ ಹೊತ್ತಿಗೆ ಊರು ಸೇರಬಹುದು.

[ದೃಶ್ಯ: ಕತ್ತಲಲ್ಲಿ ಹೆಡ್‌ಲೈಟಿನ ಬೆಳಕು, ಕಬ್ಬಿನ ಗದ್ದೆ, ಆಜರಾ ಪೇಟೆಯ ಚಹಾದಂಗಡಿ]

ಘಾಟ್ ಎಂದ ಕೂಡಲೇ ಮೊದಲು ಹತ್ತಬೇಕು, ಆಮೇಲೆ ಇಳಿಯಬೇಕು ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ನಮ್ಮ ಕಡೆಯಿಂದ ಹೋದರೆ ಹಾಗಿಲ್ಲ. ಗಡಹಿಂಗ್ಲಜವೇ ಸಮುದ್ರಮಟ್ಟದಿಂದ 600 ಮೀಟರಿಗೂ ಮೇಲಿದೆ, ಅಂಬೋಲಿ ಸುಮಾರು 690 ಮೀಟರ್. ನಡುವೆ ದಿಬ್ಬ, ತಗ್ಗು ಇವೆ, ಗೋಡೆಯಂಥ ಏರು ಇಲ್ಲ. ಸಹ್ಯಾದ್ರಿಗೆ ನಮ್ಮ ಕಡೆ ಇರುವುದು ಬೆನ್ನು, ಮುಖವಿರುವುದು ಕಡಲಿನ ಕಡೆಗೆ. ಆ ಮುಖ ಕಡಿದಿಟ್ಟ ಹಾಗೆ ಕೆಳಗಿಳಿಯುತ್ತದೆ. ಹಾಗಾಗಿ ನಮ್ಮ ಊರಿನವರಿಗೆ ಕಾಲಿನ ನಿಜವಾದ ಕೆಲಸ ಮಧ್ಯಾಹ್ನ ಹಿಂತಿರುಗುವಾಗ ಶುರುವಾಗುತ್ತದೆ. ಬೆಳಿಗ್ಗೆ ಹುಮ್ಮಸ್ಸಿನಲ್ಲಿ ಕಾಲಿನ ಕಸುವೆಲ್ಲ ಖರ್ಚು ಮಾಡಿದರೆ ಘಾಟಿನ ಬುಡದಲ್ಲಿ ಕೂರಬೇಕಾಗುತ್ತದೆ.

ಆಜರಾ ಕಡೆ ಹೋಗುತ್ತಿದ್ದಂತೆ ಕಬ್ಬು ಹಿಂದೆ ಸರಿದು ಭತ್ತದ ಗದ್ದೆ ಬರುತ್ತವೆ. ಇದು ಘನಸಾಳ್ ಅಕ್ಕಿಯ ಸೀಮೆ. ಆ ಘಮದ ಅಕ್ಕಿಗೆ ಭೌಗೋಳಿಕ ಸೂಚಕ ಮಾನ್ಯತೆಯೂ ಇದೆ. ಮುಂದೆ ಕಾಡು, ತಂಪು. ರಸ್ತೆಯಂಚಿನಲ್ಲಿ ಮರಾಠಿಯವರು ತೇರಡಾ ಎನ್ನುವ ಗುಲಾಬಿ ಹೂ ಸಾಲುಗಟ್ಟಿರುತ್ತದೆ. ನಾನು ಹೋದದ್ದು ಸೆಪ್ಟೆಂಬರ್ ತಿಂಗಳ ಒಂದು ಮಂಗಳವಾರ. ಜುಲೈ, ಆಗಸ್ಟ್ ಭಾನುವಾರಗಳಲ್ಲಿ ಈ ಘಾಟ್‌ ಜಲಪಾತ ನೋಡಲು ಬಂದ ಕಾರುಗಳಿಂದ ತುಂಬಿರುತ್ತದೆ, ಜೋರು ಮಳೆಯಲ್ಲಿ ಗುಡ್ಡ ಜರಿಯುವುದೂ ಉಂಟು. ಆ ದಿನಗಳಲ್ಲಿ ಸೈಕಲ್ ತರಬೇಡಿ. ಕೈಮುಗಿದು ಹೇಳುತ್ತಿದ್ದೇನೆ.

[ದೃಶ್ಯ: ಅಂಬೋಲಿ ಊರು, ಮಂಜು; ಜಾಕೆಟ್ಟಿನೊಳಗೆ ದಿನಪತ್ರಿಕೆಯ ಹಾಳೆ ಸೇರಿಸುವ ಕೈಗಳು]

ಇಳಿಯುವ ಮುನ್ನ ಎರಡು ಕೆಲಸ. ಮೊದಲನೆಯದು, ಎದೆಯ ಮೇಲೆ, ಜಾಕೆಟ್ಟಿನ ಒಳಗೆ, ದಿನಪತ್ರಿಕೆಯ ಎರಡು ಹಾಳೆ. ಅಲ್ಲಿಯವರೆಗೆ ಬೆವತ ಮೈಗೆ ಇಳಿಜಾರಿನ ಗಾಳಿ ಬಡಿದರೆ ಹತ್ತೇ ನಿಮಿಷದಲ್ಲಿ ಬೆರಳು ಮರಗಟ್ಟುತ್ತವೆ, ಮರಗಟ್ಟಿದ ಬೆರಳು ಬ್ರೇಕ್ ಹಿಡಿಯುವುದಿಲ್ಲ. ಎರಡನೆಯದು, ಹಿಂದಿನ ಕೆಂಪು ದೀಪ. ಹಗಲೇ ಆದರೂ ಹಚ್ಚಿರಲಿ.

ಈಗ ಬ್ರೇಕಿನ ಲೆಕ್ಕ. ನಾನು, ಸೈಕಲ್, ಚೀಲ ಸೇರಿ 90 ಕಿಲೋ. ಅಷ್ಟು ಭಾರ 600 ಮೀಟರ್ ಕೆಳಗಿಳಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು 530 ಕಿಲೋಜೌಲ್. ಒಂದೂವರೆ ಲೀಟರ್ ತಣ್ಣೀರನ್ನು ಕುದಿಸಲು ಅಷ್ಟು ಸಾಕು. ವೇಗವಾಗಿ ಇಳಿದರೆ ಇದರಲ್ಲಿ ದೊಡ್ಡ ಪಾಲನ್ನು ಗಾಳಿ ತಿನ್ನುತ್ತದೆ. ಮಂಜಿನಲ್ಲಿ ನಿಧಾನಕ್ಕೆ ಇಳಿಯುವವರಿಗೆ ಆ ಅನುಕೂಲ ಇಲ್ಲ. ಬಹುಪಾಲು ಶಾಖವನ್ನು ಈ ನಾಲ್ಕು ರಬ್ಬರ್ ತುಂಡು ಮತ್ತು ಎರಡು ರಿಮ್ ಹೊರಬೇಕು. ಅದರ ಮೇಲೆ ರಿಮ್ ಒದ್ದೆ. ಒದ್ದೆ ರಿಮ್ಮಿನಲ್ಲಿ ಬ್ರೇಕ್ ಒತ್ತಿದ ಕೂಡಲೇ ಏನೂ ಆಗುವುದಿಲ್ಲ. ಚಕ್ರದ ಮೊದಲ ಒಂದೆರಡು ಸುತ್ತು ನೀರು ಒರೆಸುವುದಕ್ಕೇ ಹೋಗುತ್ತವೆ, ಆಮೇಲೆ ಹಿಡಿತ ಸಿಗುತ್ತದೆ. ಆದ್ದರಿಂದ ತಿರುವಿಗೆ ಬಹಳ ಮುಂಚೆಯೇ ಮೆಲ್ಲನೆ ಮುಟ್ಟಿ ಒಣಗಿಸಿ, ಆಮೇಲೆ ಒತ್ತಿ, ತಿರುವಿನ ಒಳಗೆ ಹೋಗುವಷ್ಟರಲ್ಲಿ ಬಿಟ್ಟಿರಿ. ಸದಾ ಒತ್ತಿಕೊಂಡೇ ಇಳಿಯಬೇಡಿ. ಒತ್ತಿ, ಬಿಡಿ, ಒತ್ತಿ, ಬಿಡಿ.

ನನ್ನ ಹಿಂದಿನ ಬ್ರೇಕ್ ಕರಕರ ಎನ್ನತೊಡಗಿದ್ದು ಆಗಲೇ. ರಿಮ್ಮಿನ ಮೇಲೆ ಬೂದು ಬಣ್ಣದ ರಾಡಿ, ಹನಿಹನಿಯಾಗಿ ಕಾಲಿನ ಹಿಮ್ಮಡಿಗೆ ಬೀಳುತ್ತಿತ್ತು. ಇಳಿದು ನೋಡಿದರೆ ರಬ್ಬರ್ ಸವೆದು ಲೋಹ ತಾಗುವುದಕ್ಕೆ ಕೂದಲೆಳೆಯಷ್ಟು ಬಾಕಿ. ಕಲ್ಲಿನ ತಡೆಗೋಡೆಯ ಪಕ್ಕ ಕುಳಿತು, ಒಂದು ಅಲೆನ್ ಕೀಲಿಯಲ್ಲಿ, ನಡುಗುವ ಕೈಯಲ್ಲಿ ಬದಲಿಸಿದೆ. ಕಾಲು ಗಂಟೆ ಹಿಡಿಯಿತು. ಅಷ್ಟು ಹೊತ್ತಿನಲ್ಲಿ ಒಂದು ಬಸ್ ಹೋಯಿತು, ಕಣ್ಣಿಗೆ ಕಾಣುವ ಮೊದಲು ಹಾರ್ನ್ ಮಾತ್ರ ಬಂತು. ನಾನು ಕುಳಿತಲ್ಲೇ, ಡಾಂಬರಿನ ಮೇಲೆ ಹೆಬ್ಬೆರಳಿನಷ್ಟು ಪುಟ್ಟ ಕಪ್ಪೆಯೊಂದು ರಸ್ತೆ ದಾಟುತ್ತಿತ್ತು. ಎರಡು ಕುಪ್ಪಳಿಕೆ, ಸ್ವಲ್ಪ ವಿಶ್ರಾಂತಿ, ಮತ್ತೆ ಎರಡು. ಬಸ್ಸಿನ ಚಕ್ರಗಳ ನಡುವೆ ಉಳಿದುಕೊಂಡು ಅದು ಆಚೆ ಹುಲ್ಲು ಸೇರುವವರೆಗೂ ನಾನು ಉಸಿರು ಬಿಡಲಿಲ್ಲ. ಈ ಅಂಬೋಲಿಯ ಸುತ್ತಲಲ್ಲದೆ ಲೋಕದಲ್ಲಿ ಬೇರೆಲ್ಲೂ ಇಲ್ಲದ ಕಪ್ಪೆಯ ಜಾತಿಯೊಂದಿದೆ. 2009ರಲ್ಲಿ ವಿಜ್ಞಾನಿಗಳು ಅದಕ್ಕೆ ಹೆಸರಿಟ್ಟರು, ಅದು ಅಳಿವಿನಂಚಿನಲ್ಲಿದೆ. ಇಳಿಜಾರಿನಲ್ಲಿ ನಿಧಾನಕ್ಕೆ ಹೋಗಲು ಬ್ರೇಕಿನ ಲೆಕ್ಕವೊಂದೇ ಕಾರಣವಲ್ಲ.

[ದೃಶ್ಯ: ಘಾಟಿನ ಬುಡ, ದಾನೋಲಿ ಕಡೆಯ ತೆಂಗಿನ ತೋಟ, ಬಿಸಿಲು]

ಕೆಳಗೆ ಬೇರೆಯೇ ಲೋಕ. ತೆಂಗು, ಸೆಖೆ. ಚೀಲದಿಂದ ಶೇಂಗಾ ಹೋಳಿಗೆ ತೆಗೆದೆ. ಪೇಟೆಯಲ್ಲಿ ಸಿಗುವ ಯಾವ ಎನರ್ಜಿ ಬಾರ್ ಕೂಡ ಇದಕ್ಕೆ ಸಾಟಿಯಲ್ಲ: ಬೆಲ್ಲ, ಶೇಂಗಾ, ಎಣ್ಣೆ; ನೆನೆದರೂ ಕೆಡುವುದಿಲ್ಲ, ಮಡಚಿದರೂ ಮುರಿಯುವುದಿಲ್ಲ. ಏರಿಗೆ ಬೇಕಾದ ಆಹಾರದ ಲೆಕ್ಕ ಬಹಳ ಸುಲಭ. ಪೆಡಲಿಗೆ ಹಾಕುವ ಪ್ರತಿ ಕಿಲೋಜೌಲ್ ಶ್ರಮಕ್ಕೆ ದೇಹ ಸುಮಾರು ಒಂದು ಕಿಲೋಕ್ಯಾಲೊರಿ ಆಹಾರ ಉರಿಸುತ್ತದೆ, ಏಕೆಂದರೆ ಒಂದು ಕಿಲೋಕ್ಯಾಲೊರಿ ಎಂದರೆ ನಾಲ್ಕು ಚಿಲ್ಲರೆ ಕಿಲೋಜೌಲ್, ನಮ್ಮ ಸ್ನಾಯುಗಳು ತಿಂದದ್ದರಲ್ಲಿ ನಾಲ್ಕನೆಯ ಒಂದು ಪಾಲನ್ನಷ್ಟೇ ಕೆಲಸವಾಗಿ ಕೊಡುತ್ತವೆ. 530 ಕಿಲೋಜೌಲಿನ ಘಾಟಿಗೆ ಐನೂರು ಚಿಲ್ಲರೆ ಕಿಲೋಕ್ಯಾಲೊರಿ. ಬುಡದಲ್ಲೇ ತಿನ್ನಿ, ಹಸಿವಾದ ಮೇಲೆ ತಿಂದರೆ ತಡವಾಯಿತು.

ಇನ್ನು ಏರು. ನಾನು ಈ ವಿಡಿಯೋ ಮಾಡಲು ಹೊರಟಿದ್ದೇ ಈ ಮಾತಿಗಾಗಿ.

[ದೃಶ್ಯ: ಘಾಟಿನ ನಕ್ಷೆ, ರಸ್ತೆ ಬೆಟ್ಟಕ್ಕೆ ಓರೆಯಾಗಿ ಬಳಸಿ ಹತ್ತುವ ಗೆರೆ]

ಈ ರಸ್ತೆಯನ್ನು ಯಾರಿಗಾಗಿ ಕಡಿದರು? ವೆಂಗುರ್ಲಾ ಬಂದರಿನಿಂದ ಬೆಳಗಾವಿಯ ದಂಡಿಗೆ ಸರಕು ಸಾಗಿಸಲು ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟಿಷರು ಬಳಸಿದ ದಾರಿಯಲ್ಲಿ ಅಂಬೋಲಿ ಒಂದು ತಂಗುದಾಣವಾಗಿತ್ತು. ಆ ಸರಕು ಬರುತ್ತಿದ್ದುದು ಎತ್ತಿನ ಗಾಡಿಯಲ್ಲಿ. ಎತ್ತಿಗೆ ಗೇರ್ ಇಲ್ಲ. ಏರು ಕಡಿದಾದರೆ ಎತ್ತು ನಿಲ್ಲುತ್ತದೆ, ಗಾಡಿ ಹಿಂದಕ್ಕೆ ಸರಿಯುತ್ತದೆ. ಹಾಗಾಗಿ ದಾರಿ ಹಾಕಿದವರು ಬೆಟ್ಟವನ್ನು ನೇರ ಹತ್ತದೆ ಓರೆಯಾಗಿ ಬಳಸಿಕೊಂಡು ಹೋದರು. ನನ್ನ ಸೈಕಲ್ಲಿನ ಅಳತೆಯಂತ್ರ ಇಲ್ಲಿ ತೋರಿಸಿದ್ದು 100 ಮೀಟರಿಗೆ ಐದಾರು ಮೀಟರ್ ಏರು, ಬಹುಪಾಲು ಒಂದೇ ಸಮ. ಇದೇ ಬೆಟ್ಟಸಾಲಿನ ದಕ್ಷಿಣಕ್ಕೆ ತಿಲಾರಿ ಘಾಟ್ ಇದೆ. ಅದು ಜಲವಿದ್ಯುತ್ ಯೋಜನೆಗೆಂದು ಮೋಟಾರಿನ ಕಾಲದಲ್ಲಿ ಕಡಿದದ್ದು, ಎದೆಗೆ ಎದೆ ಕೊಟ್ಟು ನಿಲ್ಲುವಂಥ ಏರು. ಅಲ್ಲಿ ಎಂಜಿನ್ನಿನ ಲೆಕ್ಕ, ಇಲ್ಲಿ ಎತ್ತಿನ ಉಸಿರಿನ ಲೆಕ್ಕ. ಮನುಷ್ಯನ ಕಾಲಿಗೆ ಒಗ್ಗುವುದು ಎರಡನೆಯದು.

ನನ್ನ ಸೈಕಲ್ಲಿನ ಅತಿ ಹಗುರ ಗೇರಿನಲ್ಲಿ ಮುಂದೆ 30 ಹಲ್ಲು, ಹಿಂದೆ 34. ಪೆಡಲ್ ಒಂದು ಸುತ್ತು ತಿರುಗಿದರೆ ಸೈಕಲ್ 1.85 ಮೀಟರ್ ಸಾಗುತ್ತದೆ. ನಿಮಿಷಕ್ಕೆ 70 ಸುತ್ತಿನಂತೆ ಗಂಟೆಗೆ ಎಂಟು ಕಿಲೋಮೀಟರಿಗೆ ಸ್ವಲ್ಪ ಕಡಿಮೆ. ಮುಂದೆ 42, ಹಿಂದೆ 28 ಇರುವ ಸೈಕಲ್ಲಿನಲ್ಲಿ ಅದೇ 70 ಸುತ್ತಿಗೆ ಗಂಟೆಗೆ 13 ಕಿಲೋಮೀಟರ್ ಹೋಗಬೇಕು. ಆ ಏರಿನಲ್ಲಿ ಅಷ್ಟು ಶಕ್ತಿ ನಮ್ಮಂಥವರಿಗೆ ಗಂಟೆಗಟ್ಟಲೆ ಬರುವುದಿಲ್ಲ. ಸುತ್ತು ಇಳಿದು, ಮೊಣಕಾಲು ಮಾತಾಡತೊಡಗುತ್ತದೆ. ಹೊಸ ಸೈಕಲ್ಲಿಗೆ ದುಡ್ಡು ಸುರಿಯುವ ಮೊದಲು ಹಿಂದಿನ ಹಲ್ಲುಚಕ್ರ ಬದಲಿಸಿ.

[ದೃಶ್ಯ: ಕ್ಯಾಮೆರಾ ಸೈಕಲ್ಲಿನ ಮೇಲೆ, ಬಿಸಿಲಿನಿಂದ ಮಂಜಿನೊಳಕ್ಕೆ, ಮಾತಿಲ್ಲ, ಉಸಿರಾಟ ಮಾತ್ರ, ಇಪ್ಪತ್ತು ಸೆಕೆಂಡ್]

ಕಂಡಿರಾ? ಒಂದು ತಿರುವಿನಲ್ಲಿ ಬಿಸಿಲು, ಮುಂದಿನ ತಿರುವಿನಲ್ಲಿ ಬಿಳಿ ಗೋಡೆ. ಕಡಲ ಗಾಳಿ ಬೆಟ್ಟಕ್ಕೆ ಬಡಿದು ಮೇಲೇರುತ್ತಾ 100 ಮೀಟರಿಗೆ ಸುಮಾರು ಒಂದು ಡಿಗ್ರಿಯಂತೆ ತಣ್ಣಗಾಗುತ್ತದೆ. ಕೆಳಗಿನ ಉಷ್ಣತೆಗೂ ಇಬ್ಬನಿ ಬಿಂದುವಿಗೂ, ಎಂದರೆ ಗಾಳಿಯ ತೇವ ಹನಿಗಟ್ಟತೊಡಗುವ ಉಷ್ಣತೆಗೂ, ಎಷ್ಟು ಡಿಗ್ರಿ ಅಂತರವಿದೆಯೋ ಅದನ್ನು 125ರಿಂದ ಗುಣಿಸಿದರೆ ಮೋಡದ ತಳ ಎಷ್ಟು ಮೀಟರ್ ಮೇಲೆ ಎಂಬುದು ಹೆಚ್ಚುಕಡಿಮೆ ಸಿಗುತ್ತದೆ. ಬುಡದಲ್ಲಿ 27 ಡಿಗ್ರಿ, ಇಬ್ಬನಿ ಬಿಂದು 24 ಇದ್ದರೆ 375 ಮೀಟರ್. ಎಂದರೆ ಘಾಟಿನ ಅರ್ಧ ದಾಟಿದ ಮೇಲೆ ನೀವು ಮೋಡದೊಳಗೆ. ಹವಾಮಾನದ ಆ್ಯಪ್‌ಗಳಲ್ಲಿ ಎರಡೂ ಅಂಕಿ ಇರುತ್ತವೆ, ಹೊರಡುವ ಮುನ್ನ ನೋಡಿಕೊಳ್ಳಿ.

ಮೋಡದೊಳಗೆ ರಸ್ತೆಯ ತೀರ ಅಂಚಿಗೆ ಹೋಗಬೇಡಿ. ಅಂಚಿನಲ್ಲಿ ಪಾಚಿ ಇರುತ್ತದೆ, ಹಿಂದಿನ ವಾಹನಕ್ಕೆ ನೀವು ಕಾಣುವುದೂ ಇಲ್ಲ. ಒಂದು ಮಾರು ಒಳಗಿರಿ. ಕಿವಿಯಲ್ಲಿ ಹಾಡು ಬೇಡ. ಒಬ್ಬರೇ ಇರುವಾಗ ಕಿವಿಯೇ ಜೊತೆಗಾರ: ಮೇಲಿನ ತಿರುವಿನಲ್ಲಿ ಲಾರಿ ಗೇರ್ ಇಳಿಸಿದ್ದು, ಬಂಡೆಯಿಂದ ನೀರು ಜಿನುಗುವುದು, ಸರಪಳಿಯ ಸಣ್ಣ ಗಿರಗಿರ. ಹುಬ್ಬಿನ ತುದಿಯಲ್ಲಿ ಮಂಜು ಹನಿಯಾಗಿ ಕೂಡಿ, ತೂಗಿ, ಮೂಗಿನ ಮೇಲೆ ಬೀಳುತ್ತದೆ, ಮತ್ತೆ ಕೂಡತೊಡಗುತ್ತದೆ. ಒಂದೂವರೆ ಗಂಟೆ ಹೀಗೇ. ನಾನು ಒಮ್ಮೆಯೂ ಕಾಲು ನೆಲಕ್ಕಿಡಲಿಲ್ಲ, ನನ್ನ ಶಕ್ತಿಗಿಂತ ಆ ದಾರಿ ಹಾಕಿದವರ ಲೆಕ್ಕಕ್ಕೆ ಇದರ ಪುಣ್ಯ ಸಲ್ಲಬೇಕು.

[ದೃಶ್ಯ: ಹಿರಣ್ಯಕೇಶಿಯ ಗುಹೆ, ಕುಂಡ]

ಮೇಲೆ ಬಂದವರು ಊರಿಂದ ಸ್ವಲ್ಪ ಒಳಗಿರುವ, ಹಿರಣ್ಯಕೇಶಿ ನದಿ ಹುಟ್ಟುವ ಜಾಗಕ್ಕೆ ಹೋಗದೆ ಮರಳಬೇಡಿ. ಗುಹೆಯೊಳಗಿನಿಂದ ನೀರು ಬಂದು ಕುಂಡ ತುಂಬುತ್ತದೆ. 2020ರಲ್ಲಿ ಇಲ್ಲಿಯ ಒಂದು ಪುಟ್ಟ ಮೀನು ಹೊಸ ಪ್ರಭೇದವೆಂದು ದಾಖಲಾಗಿ ನದಿಯ ಹೆಸರನ್ನೇ ಪಡೆಯಿತು. ಮರುವರ್ಷ ಈ ಜಾಗ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು. ಕುಂಡಕ್ಕೆ ಕಾಲಿಡದೆ, ಸಾಬೂನು ಮುಟ್ಟಿಸದೆ ನೋಡಿ ಬನ್ನಿ.

ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರು ಇದು. ಅರಬ್ಬಿ ಕಡಲಿನಿಂದ ಬಂದ ಆ ನೀರಲ್ಲಿ ಒಂದು ಪಾಲು ಹಿರಣ್ಯಕೇಶಿಯಾಗಿ ಕಡಲಿಗೆ ಬೆನ್ನು ತಿರುಗಿಸಿ ಪೂರ್ವಕ್ಕೆ ಹೊರಡುತ್ತದೆ. ಆಜರಾ, ಗಡಹಿಂಗ್ಲಜ, ಸಂಕೇಶ್ವರ ದಾಟಿ ಘಟಪ್ರಭೆ ಸೇರಿ, ಗೋಕಾಕದಲ್ಲಿ ಧುಮುಕಿ, ಕೃಷ್ಣೆಯಾಗಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಮನೆಯ ದಾರಿಯೂ ಅದೇ ದಿಕ್ಕು.

[ದೃಶ್ಯ: ಸಂಜೆ, ಗಡಹಿಂಗ್ಲಜದ ಸೇತುವೆ, ಕೆಳಗೆ ಕೆಂಪು ನೀರು]

ಏಳು ಗಂಟೆಯ ಸುಮಾರಿಗೆ ನಮ್ಮೂರ ಸೇತುವೆ ಮೇಲೆ ನಿಂತೆ. ಬೆಳಿಗ್ಗೆ ಕತ್ತಲಲ್ಲಿ ದಾಟಿದ್ದ ನದಿ ಈಗ ಕಾಣುತ್ತಿತ್ತು. ಕುಂಡದಲ್ಲಿ ತಳದ ಕಲ್ಲು ಕಾಣುವಷ್ಟು ತಿಳಿಯಾಗಿದ್ದದ್ದು ಇಲ್ಲಿ ಮಣ್ಣಿನ ಬಣ್ಣ. ಜಾಕೆಟ್ಟಿನೊಳಗಿನ ಪತ್ರಿಕೆ ನೆನೆದು ಎದೆಗೆ ಅಂಟಿಕೊಂಡಿತ್ತು. ಅದನ್ನು ಬಿಡಿಸಿಕೊಂಡು, ಸೈಕಲ್ ತಳ್ಳಿಕೊಂಡು ಮನೆಗೆ ನಡೆದೆ.