ಪೆಟ್ಟಿಗೆಗೆ ಕೇಳಿಸದ ದನಿ

ಕೇಳುಗರಿಗೆ ನಮಸ್ಕಾರ.

ಈಗ ನನ್ನ ದನಿ ನಿಮ್ಮ ಕಿವಿಗೆ ಬೀಳುತ್ತಿದೆ. ಅದಕ್ಕೂ ಮೊದಲು ಅದು ನಿಮ್ಮ ರೇಡಿಯೊ ಒಳಗೆ ಹಾದು ಬಂದಿದೆ. ನಾನು ಆಡುವ ಒಂದೊಂದು ಮಾತೂ ಆ ಪೆಟ್ಟಿಗೆಯ ತಂತಿಗಳಲ್ಲಿ ವಿದ್ಯುತ್ತಾಗಿ ಏರಿಳಿಯುತ್ತದೆ. ಹಾಗಿದ್ದರೂ ಪೆಟ್ಟಿಗೆಗೆ ನನ್ನ ಮಾತು ಕೇಳಿಸುವುದಿಲ್ಲ. ನಿಮಗೆ ಕೇಳಿಸುತ್ತದೆ. ಈ ವ್ಯತ್ಯಾಸ, ಅಂದರೆ ನಮ್ಮೊಳಗಿನ ಈ ಅರಿವು, ಎಲ್ಲಿಂದ ಬಂತು? ಬಹಳ ದಿನಗಳಿಂದ ನನ್ನನ್ನು ಬಿಡದೆ ಕಾಡುತ್ತಿರುವ ಪ್ರಶ್ನೆ ಇದು.

ನಮಗೆ ಮಿದುಳಿದೆ, ಪೆಟ್ಟಿಗೆಗೆ ಇಲ್ಲ, ಅಷ್ಟೇ ಅಲ್ವಾ ಎನ್ನಬಹುದು. ಸರಿ, ಆ ದನಿಯ ಹಿಂದೆಯೇ ಒಳಗೆ ಹೋಗಿ ನೋಡೋಣ. ಗಾಳಿ ಕಿವಿಯ ತಮಟೆಯನ್ನು ಅಲುಗಿಸುತ್ತದೆ. ಮೂರು ಪುಟ್ಟ ಮೂಳೆಗಳು ಆ ಅಲುಗಾಟವನ್ನು ಒಳಗಿವಿಯ ದ್ರವಕ್ಕೆ ದಾಟಿಸುತ್ತವೆ. ಅಲ್ಲಿ ಸುಮಾರು 15,000 ಕೂದಲು ಕೋಶಗಳಿವೆ. ಅವುಗಳ ಕೂದಲು ಬಾಗಿದಾಗ ಪಕ್ಕದ ನರದಲ್ಲಿ ಒಂದು ಮಿಡಿತ ಏಳುತ್ತದೆ. ದನಿಯ ಕತೆ ಅಲ್ಲಿಗೆ ಮುಗಿಯಿತು. ಅಲ್ಲಿಂದ ಮುಂದೆ ಇರುವುದು ಬರೀ ಸೋಡಿಯಂ ಮತ್ತು ಪೊಟ್ಯಾಸಿಯಂ ಕಣಗಳ ಓಡಾಟ. ಕೋಶದ ಪೊರೆಯನ್ನು ದಾಟಿ ಸೋಡಿಯಂ ಒಳಗೆ ಬರುತ್ತದೆ, ಪೊಟ್ಯಾಸಿಯಂ ಹೊರಗೆ ಹೋಗುತ್ತದೆ. ಒಂದು ಮಿಡಿತ ಎಂದರೆ ಸುಮಾರು ಒಂದು ವೋಲ್ಟಿನ ಹತ್ತನೇ ಒಂದು ಭಾಗ. ಅದು ಇರುವುದು ಒಂದು ಸೆಕೆಂಡಿನ ಸಾವಿರ ಪಾಲಿನಲ್ಲಿ ಸುಮಾರು ಒಂದು ಪಾಲು ಹೊತ್ತು. ತಲೆಬುರುಡೆಯ ಒಳಗೆ ಸದ್ದೂ ಇಲ್ಲ, ಬೆಳಕೂ ಇಲ್ಲ.

ಇಲ್ಲಿ ಒಂದು ಘಟನೆ ಹೇಳಲೇಬೇಕು. 1920ರ ದಶಕದಲ್ಲಿ ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿ ಎಡ್ಗರ್ ಏಡ್ರಿಯನ್ ಎಂಬ ವಿಜ್ಞಾನಿ ನರಗಳ ಮಿಡಿತ ಅಳೆಯುತ್ತಿದ್ದರು. ಒಂದು ನೆಲಗಪ್ಪೆಯ ಕಣ್ಣಿನ ನರಕ್ಕೆ ತಂತಿ ಜೋಡಿಸಿ, ಆ ಮಿಡಿತವನ್ನು ಹಿಗ್ಗಿಸಿ, ಧ್ವನಿವರ್ಧಕಕ್ಕೆ ಕೊಟ್ಟಿದ್ದರು. ಕೋಣೆ ಹೆಚ್ಚುಕಡಿಮೆ ಕತ್ತಲಾಗಿತ್ತು. ಆದರೂ ಧ್ವನಿವರ್ಧಕ ಮತ್ತೆ ಮತ್ತೆ ಸದ್ದು ಮಾಡುತ್ತಿತ್ತು. ಏಕೆಂದು ಮೊದಲು ಅವರಿಗೆ ತಿಳಿಯಲಿಲ್ಲ. ಆಮೇಲೆ ಹೊಳೆಯಿತು: ತಾವು ಕೋಣೆಯಲ್ಲಿ ಓಡಾಡಿದಾಗಲೆಲ್ಲ ಆ ಸದ್ದು ಬರುತ್ತಿದೆ! ಕಪ್ಪೆಯ ಕಣ್ಣು ಅವರ ಓಡಾಟವನ್ನೇ ನೋಡುತ್ತಿತ್ತು. ಅದರ ನೋಟ ಅವರಿಗೆ ಸದ್ದಾಗಿ ಕೇಳಿಸುತ್ತಿತ್ತು. 1932ರಲ್ಲಿ ಏಡ್ರಿಯನ್ ಅವರಿಗೆ ನೊಬೆಲ್ ಬಂತು.

ನೋಟದ ಮಿಡಿತ, ದನಿಯ ಮಿಡಿತ, ಹಲ್ಲುನೋವಿನ ಮಿಡಿತ, ಎಲ್ಲವೂ ಒಂದೇ ಜಾತಿಯವು. ಮಿಡಿತವನ್ನು ಎಷ್ಟು ಸೀಳಿ ನೋಡಿದರೂ ಅದರೊಳಗೆ ಕೆಂಪು ಬಣ್ಣ ಸಿಗುವುದಿಲ್ಲ, ನೋವೂ ಸಿಗುವುದಿಲ್ಲ. ಹಾಗಾದರೆ ಮಿಡಿತ ಹೋಗಿ ಸೇರುವ ಜಾಗದಲ್ಲಿ ಗುಟ್ಟಿರಬೇಕು, ಅಲ್ವಾ? ಕಣ್ಣಿನದು ಮಿದುಳಿನ ಹಿಂಭಾಗಕ್ಕೆ, ಕಿವಿಯದು ಪಕ್ಕಕ್ಕೆ. ಇದನ್ನು ಭಾರತದಲ್ಲೇ ಹುಟ್ಟಿದ ಮೃಗಾಂಕ ಸುರ್ ಅಮೆರಿಕದಲ್ಲಿ ಪರೀಕ್ಷಿಸಿದರು. ನೋಡಲು ಮುಂಗುಸಿಯಂತಿರುವ ಫೆರೆಟ್ ಮರಿಗಳಲ್ಲಿ, ಮಿದುಳಿನ ಒಂದು ಮಗ್ಗುಲಲ್ಲಿ, ಕಣ್ಣಿನ ನರಗಳು ಕೇಳುವ ಭಾಗಕ್ಕೆ ಹೋಗಿ ಸೇರುವಂತೆ ಮಾಡಿದರು. ಅವು ದೊಡ್ಡವಾದ ಮೇಲೆ ಮಿದುಳಿನ ಆ ಮಗ್ಗುಲಿಗೆ ಮುಟ್ಟುವಂತೆ ಬೆಳಕು ತೋರಿಸಿದಾಗ ಏನಾಯಿತು ಗೊತ್ತೇ? ಸದ್ದು ಕೇಳಿದವುಗಳಂತೆ ಅವು ವರ್ತಿಸಲಿಲ್ಲ. ಬೆಳಕು ಕಂಡವುಗಳಂತೆಯೇ ವರ್ತಿಸಿದವು. 2000ದಲ್ಲಿ ಪ್ರಕಟವಾದ ಈ ಫಲಿತಾಂಶ ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಬಹಳ ಹೊತ್ತು ಸುಮ್ನೆ ಕೂತಿದ್ದೆ. ಜಾಗವೂ ಪೂರ್ತಿ ಉತ್ತರವಲ್ಲ.

ಕೋಶಗಳು ಜಾಸ್ತಿ ಆದರೆ ಅರಿವು ಹುಟ್ಟುತ್ತದೆಯೇ? ಅದೂ ಅಲ್ಲ. ನಮ್ಮ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಅವುಗಳಲ್ಲಿ ಸುಮಾರು 6,900 ಕೋಟಿ ಇರುವುದು ತಲೆಯ ಹಿಂದೆ, ಕೆಳಗೆ ಇರುವ ಕಿರುಮಿದುಳಿನಲ್ಲಿ. ಆ ಕಿರುಮಿದುಳು ಇಲ್ಲದೆಯೇ ಹುಟ್ಟಿದ ಚೀನಾದ ಹೆಂಗಸೊಬ್ಬರ ವಿಷಯ 2014ರಲ್ಲಿ ಹೊರಬಂತು. ಅವರ ನಡಿಗೆ ಸ್ವಲ್ಪ ತೂರಾಡುತ್ತಿತ್ತು, ಮಾತು ಸ್ವಲ್ಪ ತೊದಲುತ್ತಿತ್ತು. ಆದರೆ ಅವರಿಗೆ ಅರಿವಿತ್ತು. ಮುಕ್ಕಾಲು ಪಾಲಿಗಿಂತ ಜಾಸ್ತಿ ನರಕೋಶ ಇಲ್ಲದಿದ್ದರೂ ಅವರು ಅವರಾಗಿಯೇ ಇದ್ದರು.

ಕಿರುಮಿದುಳಿನ ಕೋಶಗಳು ಬಹುತೇಕ ಪಕ್ಕಪಕ್ಕದ ಸಾಲುಗಳ ಹಾಗೆ ದುಡಿಯುತ್ತವೆ. ಒಂದು ಸಾಲಿನ ಸುದ್ದಿ ಇನ್ನೊಂದಕ್ಕೆ ಅಷ್ಟಾಗಿ ಮುಟ್ಟುವುದಿಲ್ಲ. ಮೇಲಿನ ಮಿದುಳಿನ ಹೊದಿಕೆಯಲ್ಲಿ ಹಾಗಲ್ಲ. ಅಲ್ಲಿ ಒಂದು ಕಡೆ ಹೇಳಿದ್ದು ದೂರದ ಇನ್ನೊಂದು ಕಡೆಗೆ ಹೋಗಿ, ಉತ್ತರ ಹೊತ್ತು ಮರಳಿ ಬರುತ್ತದೆ. ಇಟಲಿಯ ಮಾರ್ಚೆಲ್ಲೊ ಮಾಸ್ಸಿಮಿನಿ ಮತ್ತು ಜೊತೆಗಾರರು 2005ರಲ್ಲಿ ಇದನ್ನು ಚೆನ್ನಾಗಿ ತೋರಿಸಿಕೊಟ್ಟರು. ತಲೆಯ ಹೊರಗಿನಿಂದ ಕಾಂತದ ಒಂದು ಸಣ್ಣ ತಟ್ಟು. ಎಚ್ಚರವಾಗಿರುವವರಲ್ಲಿ ಆ ತಟ್ಟಿನ ಮಾರ್ದನಿ ಮಿದುಳಿನ ಹಲವು ಕಡೆ ಹಬ್ಬಿತು. ಕನಸಿಲ್ಲದ ಗಾಢ ನಿದ್ದೆಯಲ್ಲಿ ತಟ್ಟಿದ ಜಾಗದಲ್ಲೇ ಎದ್ದು ಅಲ್ಲೇ ಆರಿತು. ಕೋಶಗಳೇನೂ ಸತ್ತಿರಲಿಲ್ಲ, ಮಿಡಿಯುತ್ತಲೇ ಇದ್ದವು. ನಿಂತದ್ದು ಅವುಗಳ ನಡುವಿನ ಮಾತುಕತೆ. ಆಪರೇಷನ್ ಹೊತ್ತಿನಲ್ಲಿ ಕೊಡುವ ಅರಿವಳಿಕೆಯಲ್ಲೂ ಹೆಚ್ಚುಕಡಿಮೆ ಇದೇ ಕತೆ. ಕಿವಿಯಿಂದ ಮಿಡಿತ ಮಿದುಳಿಗೆ ಹೋಗುತ್ತಲೇ ಇರುತ್ತದೆ. ಕೇಳಿಸಿಕೊಳ್ಳುವವರು ಮಾತ್ರ ಇರುವುದಿಲ್ಲ. 'ಪ್ರಜ್ಞೆ ತಪ್ಪಿತು' ಎನ್ನುತ್ತೇವೆ ನೋಡಿ, ದಾರಿ ತಪ್ಪಿತು ಎಂಬಂತೆ. ಎಷ್ಟು ಸರಿಯಾದ ಮಾತು!

ಅದಕ್ಕೇ ನನಗೆ ಅನ್ನಿಸುವುದು, ಅರಿವನ್ನು ಹುಡುಕಬೇಕಾದದ್ದು ಪದಾರ್ಥದಲ್ಲಿ ಅಲ್ಲ, ಪದಾರ್ಥ ತನ್ನೊಳಗೇ ನಡೆಸುವ ಈ ಕೊಡುಕೊಳ್ಳುವಿಕೆಯಲ್ಲಿ. ಮಿಡಿತದಲ್ಲಿ ಸಿಗದ್ದು ಮಿಡಿತಗಳ ನಂಟಿನಲ್ಲಿ ಸಿಗಬಹುದು.

ಕೆಲವರು ಬೇರೆ ದಾರಿ ಹಿಡಿಯುತ್ತಾರೆ. ಮಿದುಳೇ ಒಂದು ರೇಡಿಯೊ, ಅರಿವು ಹೊರಗಿನಿಂದ ಬರುವ ಪ್ರಸಾರ ಎನ್ನುತ್ತಾರೆ. ರೇಡಿಯೊದಲ್ಲಿ ಮಾತಾಡುವ ನನಗೆ ಈ ಹೋಲಿಕೆ ಇಷ್ಟವೇ. ಆದರೆ ಒಪ್ಪಲಾರೆ. ರೇಡಿಯೊ ಕೆಟ್ಟರೆ ಗರಗರ ಎನ್ನುತ್ತದೆ, ದನಿ ಒಡೆಯುತ್ತದೆ, ನಿಂತೇ ಹೋಗುತ್ತದೆ. ವಾರ್ತೆಯಲ್ಲಿ ಬರೀ ಕ್ರಿಯಾಪದಗಳು ಮಾತ್ರ ಮಾಯವಾಗುವುದಿಲ್ಲ. ಮಿದುಳಿನಲ್ಲಿ ಹಾಗೆ ಆಗುತ್ತದೆ. ಜರ್ಮನಿಯ ಮಹಿಳೆಯೊಬ್ಬರಿಗೆ ಮಿದುಳಿನ ಒಂದು ಭಾಗಕ್ಕೆ ಹಾನಿಯಾಗಿ ಚಲನೆ ಕಾಣುವುದೇ ನಿಂತುಹೋಯಿತು. ಬಣ್ಣ ಕಾಣುತ್ತಿತ್ತು, ಆಕಾರ ಕಾಣುತ್ತಿತ್ತು. ಆದರೆ ಲೋಟಕ್ಕೆ ಸುರಿಯುವ ಚಹಾ ಅವರಿಗೆ ಹೆಪ್ಪುಗಟ್ಟಿದಂತೆ ಕಾಣುತ್ತಿತ್ತು. 1983ರಲ್ಲಿ ವರದಿಯಾದ ಸಂಗತಿ ಇದು. ಪ್ರಸಾರದ ಒಂದೊಂದು ಎಳೆಯೂ ಪೆಟ್ಟಿಗೆಯೊಳಗೇ ನೇಯ್ದದ್ದಾದರೆ, ಅದನ್ನು ಪ್ರಸಾರ ಎನ್ನುವುದರಲ್ಲಿ ಅರ್ಥವೇನು?

ಇಷ್ಟು ಹೇಳಿದ ಮೇಲೂ ಒಂದು ಕಂದಕ ಹಾಗೇ ಉಳಿಯುತ್ತದೆ. ಅದನ್ನು ಮುಚ್ಚಿಟ್ಟರೆ ನಿಮಗೆ ಮೋಸ ಮಾಡಿದಂತೆ. 1714ರಲ್ಲೇ ಜರ್ಮನಿಯ ತತ್ವಜ್ಞಾನಿ ಲೈಬ್ನಿಟ್ಸ್ ಹೀಗೆ ಕೇಳಿದ್ದರು: ಯೋಚಿಸುವ, ಅನುಭವಿಸುವ ಒಂದು ಯಂತ್ರವಿದೆ ಎಂದುಕೊಳ್ಳಿ. ಅದನ್ನು ಒಂದು ಗಿರಣಿಯಷ್ಟು ಹಿಗ್ಗಿಸಿ ಒಳಗೆ ಹೊಕ್ಕರೆ, ಒಂದನ್ನೊಂದು ತಳ್ಳುವ ಭಾಗಗಳು ಕಾಣುತ್ತವೆ. ಅನುಭವ ಎಲ್ಲಿ ಕಾಣುತ್ತದೆ? ಮಿಡಿತಗಳ ಮಾತುಕತೆ ಎಂದು ನಾನು ಈಗ ಹೇಳಿದೆನಲ್ಲ, ಅದಕ್ಕೂ ಈ ಪ್ರಶ್ನೆ ತಗಲುತ್ತದೆ. ಆ ಮಾತುಕತೆ ಕತ್ತಲಲ್ಲೇ ನಡೆದುಹೋಗಬಹುದಿತ್ತು. ಅದಕ್ಕೆ ಒಳಗಿನಿಂದ ಒಂದು ಅನುಭವ ಯಾಕೆ ಇರಬೇಕು?

1998ರಲ್ಲಿ ಜರ್ಮನಿಯ ಬ್ರೆಮೆನ್‌ನಲ್ಲಿ ಇಬ್ಬರು ಗೆಳೆಯರು ಪಣ ಕಟ್ಟಿದರು. ಅರಿವಿಗೆ ಕಾರಣವಾಗುವ ನರಗಳ ಸ್ಪಷ್ಟ ಗುರುತು 25 ವರ್ಷಗಳಲ್ಲಿ ಸಿಕ್ಕೇ ಸಿಗುತ್ತದೆ ಎಂದರು ಮಿದುಳು ವಿಜ್ಞಾನಿ ಕ್ರಿಸ್ಟಾಫ್ ಕೋಖ್. ಸಿಗುವುದಿಲ್ಲ ಎಂದರು ತತ್ವಜ್ಞಾನಿ ಡೇವಿಡ್ ಚಾಲ್ಮರ್ಸ್. 2023ರ ಜೂನ್‌ನಲ್ಲಿ, ನ್ಯೂಯಾರ್ಕ್‌ನ ಸಭೆಯಲ್ಲಿ, ಕೋಖ್ ಎಲ್ಲರೆದುರು ಸೋಲೊಪ್ಪಿಕೊಂಡು ಚಾಲ್ಮರ್ಸ್ ಕೈಗೆ ವೈನ್ ಬಾಟಲಿಗಳನ್ನು ಕೊಟ್ಟರು. ಹಾಗೆಂದು ಕೈಚೆಲ್ಲಲಿಲ್ಲ. ಇನ್ನೂ 25 ವರ್ಷಕ್ಕೆ ಪಣ ಮುಂದುವರಿಸಲು ಸಿದ್ಧ ಎಂದರು. ನನ್ನನ್ನು ಕೇಳಿದರೆ ಈ ಸಲ ನಾನು ಕೋಖ್ ಪರವಾಗಿಯೇ ಪಣ ಕಟ್ಟುತ್ತೇನೆ. ಗುರುತು ಸಿಗುತ್ತದೆ. ಆದರೆ ಅದು ಸಿಕ್ಕ ಮರುದಿನವೂ ಲೈಬ್ನಿಟ್ಸ್ ಕೇಳಿದ ಪ್ರಶ್ನೆ ಬಾಗಿಲಲ್ಲೇ ನಿಂತಿರುತ್ತದೆ.

ಇಷ್ಟು ಹೊತ್ತು ಕಿವಿಗೊಟ್ಟಿರಿ. ನಮಸ್ಕಾರ.